ಬಾರದ ಬೆಳೆಗೆ ಬಲಿ: ‘ದಿ ವಿಕರ್ ಮ್ಯಾನ್’ ಚಿತ್ರದ ಬಾಳಿಕೆ

ನಮ್ಮ ಅಲಂಕಾರಶಾಸ್ತ್ರದಲ್ಲಿ ಭಯಾನಕ ರಸಕ್ಕೆ ಹೇಳಿರುವ ವಿಭಾವಗಳು ಪ್ರಸಿದ್ಧವಾಗಿವೆ: ವಿಕೃತ ಸ್ವರ, ಭೂತದರ್ಶನ, ಶೂನ್ಯಗೃಹ, ಅರಣ್ಯ ಮುಂತಾದುವು. ಪಾಶ್ಚಾತ್ಯ ಭಯಾನಕ ಚಿತ್ರಗಳೂ ಬಹುಮಟ್ಟಿಗೆ ಈ ಸಾಮಗ್ರಿಯನ್ನೇ ನೆಚ್ಚಿಕೊಂಡು ಬಂದಿವೆ. ೧೯೭೩ರಲ್ಲಿ ಬ್ರಿಟನ್ನಿನಲ್ಲಿ ತೆರೆಕಂಡ ‘ದಿ ವಿಕರ್ ಮ್ಯಾನ್’ ಚಿತ್ರವಾದರೋ ಇವುಗಳನ್ನು ಆಶ್ರಯಿಸಿಲ್ಲ. ಅಲ್ಲಿ ಭೂತವಿಲ್ಲ, ಪಿಶಾಚವಿಲ್ಲ. ಕಥೆಯ ಪರಮ ಕ್ರೌರ್ಯವು ನಡೆಯುವುದು ಕಡಲತಡಿಯ ಬಯಲಿನಲ್ಲಿ, ಸೂರ್ಯನಿನ್ನೂ ಮುಳುಗಿರದ ಹೊತ್ತಿನಲ್ಲಿ, ಊರಿನ ಜನರೆಲ್ಲ ಕೂಡಿ ಹರ್ಷದಿಂದ ಹಾಡುತ್ತಿರುವಾಗ. ಅರ್ಧ ಶತಮಾನ ಕಳೆದ ಮೇಲೂ ಈ ಚಿತ್ರವು ಹೊಸ ಪ್ರೇಕ್ಷಕರನ್ನು ಸೆಳೆಯುತ್ತಿರುವುದಕ್ಕೆ ಕಾರಣವೇನೆಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕಥಾವಸ್ತುವನ್ನು ಸಂಗ್ರಹವಾಗಿ ನೋಡೋಣ. ನೀಲ್ ಹೌಯಿ ಸ್ಕಾಟ್ಲೆಂಡಿನ ಒಬ್ಬ ಪೋಲೀಸ್ ಸಾರ್ಜೆಂಟ್, ಆಚಾರನಿಷ್ಠ ಕ್ರೈಸ್ತ, ಮದುವೆ ನಿಶ್ಚಯವಾಗಿದ್ದರೂ ಬ್ರಹ್ಮಚರ್ಯವನ್ನು ಪಾಲಿಸುತ್ತಿರುವವನು. ರೋವನ್ ಮಾರಿಸನ್ ಎಂಬ ಬಾಲಿಕೆ ಕಾಣೆಯಾಗಿದ್ದಾಳೆಂದು ಹೆಸರಿಲ್ಲದ ಪತ್ರವೊಂದು ಬರಲು, ಅವನು ಒಬ್ಬನೇ ವಿಮಾನದಲ್ಲಿ ಸಮ್ಮರ್‌ಐಲ್ ಎಂಬ ದ್ವೀಪಕ್ಕೆ ಬರುತ್ತಾನೆ. ಅಂಥ ಹುಡುಗಿ ಇಲ್ಲಿಲ್ಲವೆಂದು ಊರವರೆಲ್ಲ ಹೇಳುತ್ತಾರೆ. ದ್ವೀಪದ ಜನರು ಕ್ರೈಸ್ತ ಧರ್ಮವನ್ನು ಬಿಟ್ಟು ಹಳೆಯ ದೇವತೆಗಳನ್ನು ಪೂಜಿಸುತ್ತಿರುವುದನ್ನೂ, ಹಿಂದಿನ ವರ್ಷ ಸೇಬಿನ ಬೆಳೆ ನಷ್ಟವಾದುದನ್ನೂ ಅವನು ಕಂಡುಕೊಳ್ಳುತ್ತಾನೆ. ಮೇ ತಿಂಗಳ ಮೊದಲ ದಿನ ಆ ಬಾಲಿಕೆಯನ್ನು ಬಲಿ ಕೊಡುವರೆಂದು ತರ್ಕಿಸುತ್ತಾನೆ. ತರ್ಕದ ಮೆಟ್ಟಿಲುಗಳೆಲ್ಲ ಸರಿ. ಬಲಿಪಶು ಯಾರೆಂಬುದೊಂದೇ ತಪ್ಪು. ಸ್ವೇಚ್ಛೆಯಿಂದ ಬಂದವನು, ರಾಜನ ಅಧಿಕಾರವನ್ನು ಧರಿಸಿದವನು, ಸ್ತ್ರೀಸಂಗವನ್ನರಿಯದವನು, ಮೂರ್ಖನ ವೇಷ ತೊಟ್ಟವನು, ಹೀಗೆ ಸಕಲ ಲಕ್ಷಣಗಳೂ ಕೂಡಿದ ಬಲಿ ಅವನೇ. ಕಡ್ಡಿಗಳಿಂದ ಹೆಣೆದ ಬೃಹತ್ ಪುರುಷಾಕೃತಿಯಲ್ಲಿ ಅವನನ್ನು ಕೂಡಿಹಾಕಿ ಬೆಂಕಿಯಿಡುತ್ತಾರೆ.

ಚಿತ್ರವನ್ನು ನಿರ್ದೇಶಿಸಿದವನು ರಾಬಿನ್ ಹಾರ್ಡಿ. ಚಿತ್ರಕಥೆ ‘ಸ್ಲೂತ್’ ನಾಟಕದಿಂದ ಹೆಸರಾದ ಆಂಟನಿ ಶಾಫರನದು. ಡೇವಿಡ್ ಪಿನ್ನರ್ ೧೯೬೭ರಲ್ಲಿ ಬರೆದ ‘ರಿಚುಯಲ್’ ಎಂಬ ಕಾದಂಬರಿ ಇದಕ್ಕೆ ಪ್ರೇರಣೆ. ಹೌಯಿಯಾಗಿ ಎಡ್ವರ್ಡ್ ವುಡ್‌ವರ್ಡ್, ದ್ವೀಪದ ಒಡೆಯನಾಗಿ ಕ್ರಿಸ್ಟೊಫರ್ ಲೀ ಅಭಿನಯಿಸಿದರು. ಡ್ರಾಕುಲನಾಗಿ ಲೋಕಪ್ರಸಿದ್ಧನಾಗಿದ್ದ ಲೀ ಈ ಪಾತ್ರಕ್ಕೆ ಸಂಭಾವನೆಯನ್ನೇ ಪಡೆಯಲಿಲ್ಲ. ನಿರ್ಮಾಪಕ ಸಂಸ್ಥೆಯಾದರೋ ಚಿತ್ರದಲ್ಲಿ ವಿಶ್ವಾಸವಿಡಲಿಲ್ಲ. ಸುಮಾರು ೮೭ ನಿಮಿಷಗಳಿಗೆ ಕತ್ತರಿಸಿ, ‘ಡೋಂಟ್ ಲುಕ್ ನೌ’ ಎಂಬ ಮತ್ತೊಂದು ಚಿತ್ರದ ಜೊತೆಗೆ ಪೂರಕ ಚಿತ್ರವಾಗಿ ಅದನ್ನು ಬಿಡುಗಡೆ ಮಾಡಿತು. ಮೂಲ ಋಣಪ್ರತಿಗಳು ಕಳೆದುಹೋದುವು. ಅವು ಹೆದ್ದಾರಿಯೊಂದರ ಅಡಿಯಲ್ಲಿ ಹೂತುಹೋದುವೆಂಬ ಐತಿಹ್ಯವೂ ಹುಟ್ಟಿಕೊಂಡಿತು. ಅಮೆರಿಕದ ನಿರ್ಮಾಪಕ ರೋಜರ್ ಕಾರ್ಮನನ ಬಳಿ ಉಳಿದಿದ್ದ ದೀರ್ಘತರ ಪ್ರತಿಯಿಂದ ಲುಪ್ತಭಾಗಗಳನ್ನು ಕೂಡಿಸಲು ಸಾಧ್ಯವಾಯಿತು. ೧೯೭೭ರಲ್ಲಿ ಅಮೆರಿಕದ ‘ಸಿನೆಫೆಂಟಾಸ್ಟಿಕ್’ ಪತ್ರಿಕೆ ಈ ಚಿತ್ರವನ್ನು ಭಯಾನಕ ಚಿತ್ರಗಳ ‘ಸಿಟಿಜನ್ ಕೇನ್’ ಎಂದು ಕರೆಯಿತು. ೨೦೧೩ರಲ್ಲಿ ‘ಫೈನಲ್ ಕಟ್’ ಎಂಬ ಪಾಠ ಹೊರಬಂದಿತು. ಓಲೆಗರಿಗಳ ಪಾಠಾಂತರಗಳೊಡನೆ ಹೆಣಗಿದ ನಮ್ಮ ಗ್ರಂಥಸಂಪಾದಕರಿಗೆ ಈ ವೃತ್ತಾಂತ ಅಪರಿಚಿತವೆನಿಸಲಾರದು. ಆದರೆ ಲುಪ್ತಗ್ರಂಥದ ಕುತೂಹಲವೊಂದೇ ಕೃತಿಯನ್ನು ಐವತ್ತು ವರ್ಷ ಬದುಕಿಸಲಾರದು. ಕಾರಣವನ್ನು ಕೃತಿಯೊಳಗೇ ಹುಡುಕಬೇಕು.

ಮೊದಲನೆಯ ಕಾರಣ ಚಿತ್ರದ ಪ್ರಸನ್ನತೆ. ಪಾಲ್ ಜೊವಾನಿ ಎಂಬ ಅಮೆರಿಕನ್ ಸಂಗೀತಗಾರ ರಚಿಸಿದ ಗೀತೆಗಳು ಜನಪದ ಧಾಟಿಯಲ್ಲಿ ಕಥೆಯುದ್ದಕ್ಕೂ ಹರಿಯುತ್ತವೆ. ರಾಬರ್ಟ್ ಬರ್ನ್ಸ್ ಕವಿಯ ಪದ್ಯವೊಂದಕ್ಕೂ ಇಲ್ಲಿ ಹೊಸ ಸ್ವರ ದೊರೆತಿದೆ. ಊರಿನ ಜನ ವಿಕಾರಿಗಳಲ್ಲ. ಸರಸಿಗಳು, ಅತಿಥಿಯನ್ನು ನಗುತ್ತ ಮಾತನಾಡಿಸುವವರು. ಕಥೆ ನಡೆಯುವುದು ವಸಂತದಲ್ಲಿ. ಚಿತ್ರೀಕರಣ ನಡೆದುದಾದರೋ ೧೯೭೨ರ ಶರತ್ಕಾಲದ ಚಳಿಯಲ್ಲಿ. ಬೋಳು ಮರಗಳಿಗೆ ಕೃತಕ ಹೂಗಳನ್ನು ಕಟ್ಟಿ ವಸಂತವನ್ನು ಸೃಷ್ಟಿಸಬೇಕಾಯಿತು. ಬೆಳೆ ಸೋತ ನೆಲದಲ್ಲಿ ಹೂವಿನ ಸೋಗು ಎಂಬ ಈ ಸಂದರ್ಭ ಕಥೆಯ ಅರ್ಥಕ್ಕೂ ಆಕಸ್ಮಿಕವಾಗಿ ಹೊಂದಿಕೊಂಡಿದೆ.

ಎರಡನೆಯದು ಅದರ ವಿದ್ವತ್ತಿನ ಹಿನ್ನೆಲೆ. ಗಾಲ್ ದೇಶದ ಜನರು ಕಡ್ಡಿಯಿಂದ ಹೆಣೆದ ಮಹಾಕಾಯಗಳಲ್ಲಿ ಜೀವಂತ ಮನುಷ್ಯರನ್ನು ತುಂಬಿ ಸುಡುತ್ತಿದ್ದರೆಂದು ಜೂಲಿಯಸ್ ಸೀಸರ್ ತನ್ನ ಗಾಲ್ ಯುದ್ಧದ ವೃತ್ತಾಂತದ ೬ನೆಯ ಭಾಗದಲ್ಲಿ ಬರೆದಿದ್ದಾನೆ. ಸ್ಟ್ರಾಬೋ ಕೂಡ ಹೀಗೆಯೇ ಹೇಳುತ್ತಾನೆ. ಇದು ಗೆದ್ದವರು ಸೋತವರ ವಿಷಯವಾಗಿ ಹೇಳಿದ ಸಾಕ್ಷ್ಯವೆಂಬುದನ್ನು ಮರೆಯಬಾರದು. ೧೬೭೬ರಲ್ಲಿ ಐಲೆಟ್ ಸ್ಯಾಮ್ಸ್ ಎಂಬುವನ ಗ್ರಂಥದಲ್ಲಿ ಬಂದ ಚಿತ್ರವೊಂದು ಈ ಆಕೃತಿಯನ್ನು ಜನರ ಕಣ್ಣಿನಲ್ಲಿ ನೆಲೆಗೊಳಿಸಿತು. ಮುಂದೆ ಜೇಮ್ಸ್ ಫ್ರೇಜರ್ ೧೮೯೦ರಲ್ಲಿ ಮೊದಲು ಪ್ರಕಟಿಸಿದ ‘ದಿ ಗೋಲ್ಡನ್ ಬೌ’ ಗ್ರಂಥದಲ್ಲಿ ಬೆಳೆ, ಬೆಂಕಿ, ರಾಜಬಲಿಗಳ ಕುರಿತಾದ ಆಚಾರಗಳನ್ನು ರಾಶಿ ಹಾಕಿದನು. ಚಿತ್ರದ ಆಚಾರಗಳಲ್ಲಿ ಹೆಚ್ಚಿನವು ಈ ಗ್ರಂಥದಿಂದ ಬಂದವು. ಫ್ರೇಜರನ ಅನೇಕ ನಿರ್ಣಯಗಳನ್ನು ಈಚಿನ ಮಾನವಶಾಸ್ತ್ರಜ್ಞರು ಒಪ್ಪುವುದಿಲ್ಲ. ಆದರೆ ಅದರಿಂದ ಚಿತ್ರಕ್ಕೆ ಹಾನಿಯಾಗದೆ ಲಾಭವೇ ಆಗಿದೆ. ಹೇಗೆಂಬುದನ್ನು ಮುಂದೆ ನೋಡೋಣ.

ನನ್ನ ಅಭಿಪ್ರಾಯದಲ್ಲಿ ಚಿತ್ರದ ಮರ್ಮವಿರುವುದು ದ್ವೀಪದ ಒಡೆಯನು ಹೌಯಿಗೆ ಹೇಳುವ ಸ್ಥಳಪುರಾಣದಲ್ಲಿ. ೧೮೬೮ರಲ್ಲಿ ಅವನ ಅಜ್ಜ, ವಿಜ್ಞಾನಿ ಮತ್ತು ಕೃಷಿತಜ್ಞ, ಈ ಬಂಜರು ದ್ವೀಪವನ್ನು ಕೊಂಡನು. ಜ್ವಾಲಾಮುಖಿಯ ಮಣ್ಣು, ಸಮುದ್ರದ ಬೆಚ್ಚನೆಯ ಪ್ರವಾಹ ಇವುಗಳನ್ನು ಲೆಕ್ಕಹಾಕಿ ಹೊಸ ತಳಿಯ ಹಣ್ಣುಗಳನ್ನು ಬೆಳೆಸಲೆಳಸಿದನು. ಹಸಿವಿನಿಂದ ಜಡವಾಗಿದ್ದ ಜನರನ್ನು ದುಡಿಮೆಗೆ ಎಬ್ಬಿಸಲು ಅವರ ಹಳೆಯ ದೇವರುಗಳನ್ನು ಮರಳಿ ಕೊಡುವುದೇ ಉಪಾಯವೆಂದು ಬಗೆದನು. ಬೆಳೆ ಬಂದಿತು, ಪಾದ್ರಿಗಳು ಹೊರಟುಹೋದರು. ಅಜ್ಜನು ಅನುಕೂಲಕ್ಕಾಗಿ ಆರಂಭಿಸಿದುದನ್ನು ತಂದೆಯು ಪ್ರೀತಿಯಿಂದ ಮುಂದುವರಿಸಿದನು; ಮೊಮ್ಮಗನು ಅದನ್ನು ಪರಂಪರೆಯಾಗಿ ಪಡೆದನು. ಅಂದರೆ ಅನಾದಿಯೆಂದು ತೋರುವ ಈ ಧರ್ಮದ ವಯಸ್ಸು ಕೇವಲ ನೂರು ವರ್ಷ. ಅದರ ಬುಡದಲ್ಲಿರುವುದು ದೈವಪ್ರೇರಣೆಯಲ್ಲ, ಒಂದು ಹೂಡಿಕೆಯ ಲೆಕ್ಕ. ಹಣಕಾಸಿನ ವ್ಯವಹಾರದಲ್ಲಿರುವವರಿಗೆ ಇದು ಬೇಗ ಅರ್ಥವಾಗುತ್ತದೆ: ಬೆಳೆ ಬರುವ ತನಕ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ನಷ್ಟದ ವರ್ಷ ಬಂದಾಗ ದೋಷವು ಯೋಜನೆಯದೆನ್ನಲು ಒಡೆಯನಿಗೆ ಮನಸ್ಸಿಲ್ಲ, ದೇವರದೆನ್ನಲು ಜನರಿಗೆ ಮನಸ್ಸಿಲ್ಲ. ಹೊರಗಿನವನೊಬ್ಬನು ಆ ಸಾಲವನ್ನು ತೀರಿಸಬೇಕಾಗುತ್ತದೆ.

ಫ್ರೇಜರನ ವಿಷಯವಾಗಿ ಮೇಲೆ ಹೇಳಿದ ಮಾತು ಇಲ್ಲಿ ಅನ್ವಯಿಸುತ್ತದೆ. ಪುಸ್ತಕದಿಂದ ಕಟ್ಟಿದ ಧರ್ಮವಾದುದರಿಂದಲೇ ಈ ಆಚಾರಗಳು ಅಷ್ಟು ಅಚ್ಚುಕಟ್ಟಾಗಿವೆ. ಊರಿನಿಂದ ದೂರವಿದ್ದು, ಹಬ್ಬಹರಿದಿನಗಳನ್ನು ನೆನಪಿನಿಂದಲೂ ಗ್ರಂಥಗಳಿಂದಲೂ ಪುನಃ ಕಟ್ಟಿಕೊಳ್ಳುವ ನಮ್ಮಂಥವರು ಇಲ್ಲಿ ಕೊಂಚ ನಿಂತು ಯೋಚಿಸಬೇಕು. ಕಟ್ಟಿಕೊಂಡ ಪರಂಪರೆ ಸುಳ್ಳೆಂದು ಚಿತ್ರವು ಹೇಳುವುದಿಲ್ಲ. ಮೂರನೆಯ ತಲೆಮಾರಿಗೆ ಅದು ನಿಜವೇ ಆಗಿಬಿಡುತ್ತದೆ. ಆದರೆ ಅದನ್ನು ಏಕೆ ಕಟ್ಟಿದೆವೆಂಬುದು ಮರೆತುಹೋದಾಗ, ಅದು ಏನನ್ನು ಕೇಳಬಹುದು, ಯಾರನ್ನು ಹೊರಗಿನವರೆನ್ನಬಹುದು ಎಂಬುದರ ಮೇಲೆ ನಮಗೆ ಹಿಡಿತವಿರುವುದಿಲ್ಲ.

ಹೌಯಿಯನ್ನು ಕೂಡ ಚಿತ್ರವು ನಿರ್ದೋಷಿಯಾದ ನಾಯಕನನ್ನಾಗಿ ಮಾಡಿಲ್ಲ. ಅವನು ಒರಟ, ಅಸಹಿಷ್ಣು. ಪರರ ನಂಬಿಕೆಯನ್ನು ಕಂಡೊಡನೆ ಗದರಿಸುವವನು. ಹೀಗಿದ್ದೂ ಪರಿಚಯವಿಲ್ಲದ ಮಗುವೊಂದಕ್ಕಾಗಿ ಪ್ರಾಣವನ್ನು ಪಣವಾಗಿಡುವವನು ಅವನೊಬ್ಬನೇ. ವಿಲೋ ಎಂಬ ತರುಣಿಯ ಆಕರ್ಷಣೆಗೆ ಸೋತಿದ್ದರೆ ಅವನು ಬಲಿಗೆ ಯೋಗ್ಯನಾಗುತ್ತಿರಲಿಲ್ಲ. ಅವನ ಸದ್ಗುಣವೇ ಅವನಿಗೆ ಮುಳುವಾಗುತ್ತದೆ. ಶಾಲೆಯ ಮೇಜಿನೊಳಗೆ ಮೊಳೆಗೆ ದಾರದಿಂದ ಕಟ್ಟಿದ ಜೀರುಂಡೆಯೊಂದನ್ನು ಅವನು ಕಾಣುತ್ತಾನೆ. ಒಂದೇ ದಿಕ್ಕಿನಲ್ಲಿ ಸುತ್ತುತ್ತ ಸುತ್ತುತ್ತ ಅದು ಮೊಳೆಗೇ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅವನ ಕರ್ತವ್ಯನಿಷ್ಠೆಯ ಗತಿಯೂ ಅದೇ.

ಕೊನೆಯ ದೃಶ್ಯದಲ್ಲಿ ಒಂದೆಡೆ ಬೈಬಲ್ಲಿನ ಕೀರ್ತನೆ, ಇನ್ನೊಂದೆಡೆ ೧೩ನೆಯ ಶತಮಾನದ ಆಂಗ್ಲ ಋತುಗೀತೆ. ಎರಡೂ ಪ್ರಾಮಾಣಿಕ ಪ್ರಾರ್ಥನೆಗಳೇ. ಆದರೆ ಅದಕ್ಕೆ ಮೊದಲು ಹೌಯಿ ಒಂದು ಮಾತನ್ನಾಡುತ್ತಾನೆ: ಬರುವ ವರ್ಷವೂ ಬೆಳೆ ಸೋತರೆ ಜನರು ಒಡೆಯನನ್ನೇ ಬಲಿ ಕೇಳುವರು. ಒಡೆಯನ ಮುಖದಲ್ಲಿ ಒಂದು ಕ್ಷಣ ಅಳುಕು ಸುಳಿಯುತ್ತದೆ. ನಮ್ಮ ‘ಕೆರೆಗೆ ಹಾರ’ ಕಥನಗೀತೆಯನ್ನು ಇಲ್ಲಿ ನೆನೆಯಬಹುದು. ಅಲ್ಲಿಯೂ ನೀರಿಲ್ಲದ ಕೆರೆ, ಹಿರಿಯರ ಒಮ್ಮತ, ನಿರಪರಾಧಿಯ ಬಲಿ. ಆದರೆ ಭಾಗೀರಥಿ ಸಂಗತಿಯನ್ನರಿತೇ ನಡೆಯುತ್ತಾಳೆ, ಕೆರೆಗೆ ನೀರು ಬರುತ್ತದೆ. ನಮ್ಮ ದುಃಖಕ್ಕೆ ಒಂದು ಫಲವಾದರೂ ಉಂಟು. ಚಿತ್ರವು ಆ ಸಮಾಧಾನವನ್ನು ಕೊಡುವುದಿಲ್ಲ. ಮುಂದಿನ ವರ್ಷ ಸೇಬು ಬಂದಿತೋ ಇಲ್ಲವೋ, ನಾವು ಕಾಣೆವು.

೧೯೬೮ರ ‘ವಿಚ್‌ಫೈಂಡರ್ ಜನರಲ್’ ಮತ್ತು ೧೯೭೧ರ ‘ದಿ ಬ್ಲಡ್ ಆನ್ ಸೇಟನ್ಸ್ ಕ್ಲಾ’ ಚಿತ್ರಗಳೊಡನೆ ಇದನ್ನೂ ಸೇರಿಸಿ ‘ಜಾನಪದ ಭಯಾನಕ’ವೆಂಬ ಪ್ರಭೇದವನ್ನು ಗುರುತಿಸುವುದು ೨೦೧೦ರ ಬಿ.ಬಿ.ಸಿ. ಕಾರ್ಯಕ್ರಮವೊಂದರಿಂದ ಬಳಕೆಗೆ ಬಂದಿತು. ಸ್ವೀಡನ್ನಿನ ಹಗಲುಬೆಳಕಿನಲ್ಲಿ ನಡೆಯುವ ೨೦೧೯ರ ‘ಮಿಡ್‌ಸೊಮ್ಮರ್’ ಈ ವಂಶದ್ದೇ. ೨೦೦೬ರಲ್ಲಿ ಅಮೆರಿಕದಲ್ಲಿ ಇದೇ ಹೆಸರಿನಿಂದ ಬಂದ ಮರುಚಿತ್ರವಾದರೋ ನಗೆಪಾಟಲಾಯಿತು. ಅದರಲ್ಲಿ ಹೆಂಗಸರು ಆಳುವ ದ್ವೀಪವಿತ್ತು, ಜೇನಿನ ಬೆಳೆಯಿತ್ತು. ಎರಡು ಶ್ರದ್ಧೆಗಳ ಘರ್ಷಣೆ ಮಾತ್ರ ಇರಲಿಲ್ಲ. ಮೂಲಚಿತ್ರದ ಬಾಳಿಕೆ ಯಾವುದರ ಮೇಲೆ ನಿಂತಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಒಳ್ಳೆಯ ಜನರು, ಒಳ್ಳೆಯ ಉದ್ದೇಶದಿಂದ, ಒಕ್ಕೊರಲಿನಿಂದ ಹಾಡುತ್ತ ಒಬ್ಬನನ್ನು ಸುಡಬಲ್ಲರೆಂಬ ಭಯಕ್ಕೆ ದೀಪ ಹಚ್ಚಿದರೂ ಪರಿಹಾರವಿಲ್ಲ.