ಪಾರ್ಶ್ವವಾಯುವಿನ ಬಳಿಕ ಮನೆಗೆಲ್ಲ ಒಂದೇ ಅಡುಗೆ

ಪಾರ್ಶ್ವವಾಯು ಬಡಿದವರನ್ನು ಮಂಗಳೂರಿನ ಇಲ್ಲವೇ ಕಾಸರಗೋಡಿನ ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಮದ್ದಿನ ಚೀಟಿಯನ್ನು ನಾವೆಲ್ಲರೂ ಜಾಗ್ರತೆಯಾಗಿ ಎತ್ತಿಡುತ್ತೇವೆ. ಯಾವ ಮಾತ್ರೆ ಬೆಳಿಗ್ಗೆ, ಯಾವುದು ರಾತ್ರಿ ಎಂದು ಮಕ್ಕಳಿಗೂ ಬಾಯಿಪಾಠವಾಗುತ್ತದೆ. ಊಟದ ವಿಷಯಕ್ಕೆ ಮಾತ್ರ ಹೆಚ್ಚಾಗಿ ಸಿಗುವುದು ಒಂದೇ ಮಾತು: ಉಪ್ಪು, ಎಣ್ಣೆ ಕಡಿಮೆ ಮಾಡಿ, ಮೆತ್ತನೆಯದನ್ನು ಕೊಡಿ. ಆ ಒಂದು ಮಾತನ್ನು ನಮ್ಮ ಊರಿನ ಅಡುಗೆಗೆ ಹೊಂದಿಸುವುದು ಹೇಗೆಂದು ಈ ಬಾರಿ ನೋಡೋಣ.

ಮೊದಲು ಗಂಜಿ. ಜ್ವರ ಬಂದರೂ ಗಂಜಿ, ಹೊಟ್ಟೆ ಕೆಟ್ಟರೂ ಗಂಜಿ ಎನ್ನುವವರು ನಾವು. ಆದರೆ ಪಾರ್ಶ್ವವಾಯುವಿನಲ್ಲಿ ಕೈಕಾಲಿನಂತೆ ಗಂಟಲಿನ ಸ್ನಾಯುಗಳೂ ಸೋತಿರಬಹುದು. ಅಂಥವರಿಗೆ ಕುಚ್ಚಲಕ್ಕಿಯ ತಿಳಿಗಂಜಿ ಕಷ್ಟದ ಆಹಾರ. ನೀರು ಮತ್ತು ಅಗುಳು ಒಟ್ಟಿಗೆ ಬಾಯಿಗೆ ಹೋದಾಗ ನೀರು ಮುಂದೆ ಓಡಿ ಶ್ವಾಸನಾಳಕ್ಕೆ ಇಳಿಯುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಹಾಗೆ ಶ್ವಾಸಕೋಶ ಸೇರಿದ್ದರಿಂದ ನ್ಯುಮೋನಿಯಾ ಆಗಬಹುದು. ದೊಡ್ಡ ಆಘಾತವನ್ನು ದಾಟಿ ಬಂದವರು ಇದರಿಂದ ಮತ್ತೆ ಆಸ್ಪತ್ರೆ ಸೇರುವುದು ಅಪರೂಪವಲ್ಲ. ಊಟದ ನಡುವೆ ಕೆಮ್ಮು, ನೀರು ಕುಡಿದ ಬಳಿಕ ಗುಳುಗುಳು ಎನ್ನುವ ಸ್ವರ, ಸೋತ ಬದಿಯ ಕೆನ್ನೆಯೊಳಗೆ ಅನ್ನ ಉಳಿಯುವುದು, ಇವೆಲ್ಲ ಗಮನಿಸಬೇಕಾದ ಗುರುತುಗಳು. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಆದ್ದರಿಂದ ನುಂಗುವ ಶಕ್ತಿ ಎಷ್ಟಿದೆ ಎಂಬುದನ್ನು ವೈದ್ಯರಿಂದ ಇಲ್ಲವೇ ಸ್ಪೀಚ್ ಥೆರಪಿಸ್ಟರಿಂದ ಪರೀಕ್ಷೆ ಮಾಡಿಸಿಯೇ ಮನೆಗೆ ಕರೆತರಬೇಕು.

ಹಾಗೆಂದು ಗಂಜಿಯನ್ನು ಬಿಡಬೇಕಾಗಿಲ್ಲ. ಚೆನ್ನಾಗಿ ಬೇಯಿಸಿ, ನುಣ್ಣಗೆ ಅರೆದು, ಚಮಚದಲ್ಲಿ ನಿಲ್ಲುವಷ್ಟು ದಪ್ಪಗೆ ಮಾಡಿದರೆ ಅನೇಕರಿಗೆ ಅದು ಸಲೀಸಾಗಿ ಇಳಿಯುತ್ತದೆ. ಎಷ್ಟು ದಪ್ಪ ಎಂಬುದನ್ನು ಪರೀಕ್ಷಿಸಿದವರೇ ಹೇಳಬೇಕು. ಮಲಗಿಸಿ ತಿನ್ನಿಸುವುದಂತೂ ಬೇಡವೇ ಬೇಡ. ಬೆನ್ನು ನೇರವಾಗಿ ಕೂರಿಸಿ, ಸಣ್ಣ ಚಮಚದಲ್ಲಿ, ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದು. ಊಟವಾದ ಬಳಿಕ ಅರ್ಧ ಗಂಟೆ ಹಾಗೆಯೇ ಕೂತಿರಲಿ. ಬಾಯಿಯನ್ನು ಶುಚಿ ಮಾಡಿಸಿ. ಬಾಯಿ ಶುದ್ಧವಿದ್ದರೆ ನ್ಯುಮೋನಿಯಾದ ಭಯವೂ ಕಡಿಮೆ.

ಇನ್ನು ಉಪ್ಪು. ಎರಡನೇ ಬಾರಿ ಪಾರ್ಶ್ವವಾಯು ಬರದಂತೆ ತಡೆಯುವುದರಲ್ಲಿ ಬಿ.ಪಿ. ಹತೋಟಿಗಿಂತ ದೊಡ್ಡ ಕೆಲಸ ಬೇರೊಂದಿಲ್ಲ ಎಂದರೂ ಸಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಒಂದು ಚಹಾ ಚಮಚಕ್ಕೂ ಕಡಿಮೆ. ನಮ್ಮಲ್ಲಿ ಉಪ್ಪು ಬರುವುದು ಸಾರಿನಿಂದ ಮಾತ್ರವಲ್ಲ. ಮಳೆಗಾಲದ ಒಣಮೀನು, ಉಪ್ಪುನೀರಲ್ಲಿ ಹಾಕಿಟ್ಟ ಮಾವಿನಕಾಯಿ, ಉಪ್ಪುಸೊಳೆ, ಉಪ್ಪಿನಕಾಯಿ, ಹಪ್ಪಳ, ಬೇಕರಿಯ ತಿಂಡಿ, ಎಲ್ಲವೂ ಉಪ್ಪಿನ ಭಂಡಾರ. ಗಂಜಿಗೆ ಉಪ್ಪು ಹಾಕದೆ ಒಂದು ತುಂಡು ಒಣಮೀನು ಸುಟ್ಟು ಕೊಟ್ಟರೆ ಲೆಕ್ಕ ಅಲ್ಲಿಂದಲ್ಲಿಗೆ! ಅದರ ಬದಲು ಹಸಿ ಬೂತಾಯಿ, ಬಂಗುಡೆ ಕೊಡಬಹುದು. ಎಣ್ಣೆಯಲ್ಲಿ ಕರಿಯದೆ ಪದಾರ್ಥ ಮಾಡಿ, ಮುಳ್ಳು ಪೂರ್ತಿ ಬಿಡಿಸಿ ಕೊಡಿ. ಹುಣಸೆ, ಪುನರ್ಪುಳಿ, ನಿಂಬೆ, ಬೆಳ್ಳುಳ್ಳಿ, ಕರಿಮೆಣಸು ಇದ್ದರೆ ಉಪ್ಪಿನ ಕೊರತೆ ನಾಲಿಗೆಗೆ ಅಷ್ಟಾಗಿ ತಿಳಿಯದು. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಅಂಗಡಿಯಲ್ಲಿ ಸೋಡಿಯಂ ಕಡಿಮೆ ಇರುವ ಉಪ್ಪೂ ಸಿಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಮಂದಿಯ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರು ಮೊದಲೇ ಪಾರ್ಶ್ವವಾಯು ಆಗಿದ್ದವರು. ಕಾಲು ಭಾಗ ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ, ಬಿ.ಪಿ.ಯ ಕೆಲವು ಮಾತ್ರೆ ನುಂಗುವವರಿಗೆ ಇದೇ ಉಪ್ಪು ಅಪಾಯ. ಡಾಕ್ಟರರನ್ನು ಕೇಳದೆ ತರಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಕೊಟ್ಟಿದ್ದರೆ ಬಸಳೆ, ಹರಿವೆ, ನುಗ್ಗೆಸೊಪ್ಪನ್ನು ಬಿಡಬೇಕೆಂದಿಲ್ಲ. ವಾರವಾರವೂ ಹೆಚ್ಚುಕಡಿಮೆ ಅಷ್ಟೇ ಇರಲಿ. ಒಂದು ವಾರ ಬುಟ್ಟಿ ತುಂಬ, ಮುಂದಿನ ವಾರ ಏನೂ ಇಲ್ಲ ಎಂದಾದರೆ ಮದ್ದಿನ ಲೆಕ್ಕ ತಪ್ಪುತ್ತದೆ. ಶರಾಬು, ಹೊಗೆಸೊಪ್ಪಿನ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ಇಷ್ಟೆಲ್ಲ ಮಾಡುವಾಗ ಅನೇಕ ಮನೆಗಳಲ್ಲಿ ಒಂದು ಸಂಗತಿ ಆಗಿಬಿಡುತ್ತದೆ. ಕಾಯಿಲೆಯವರಿಗೆ ಬೇರೆ ಪಾತ್ರೆ, ಬೇರೆ ಹೊತ್ತು, ಒಳಕೋಣೆಯ ಮಂಚ. ಹೊರಗೆ ಮೀನು ಹುರಿಯುವ ಪರಿಮಳ, ಒಳಗೆ ಸಪ್ಪೆ ಗಂಜಿ. ಪಾರ್ಶ್ವವಾಯು ಆದವರಲ್ಲಿ ಮೂವರಲ್ಲಿ ಒಬ್ಬರಿಗೆ ಮನಸ್ಸಿನ ಖಿನ್ನತೆಯೂ ಬರುತ್ತದೆ. ಅಂಥವರು ಬಟ್ಟಲು ದೂಡಿದರೆ ಅದನ್ನು ಹಠ ಎನ್ನುತ್ತೇವೆ. ತೂಕ ಇಳಿಯುತ್ತದೆ, ವ್ಯಾಯಾಮ ಮಾಡುವ ತ್ರಾಣ ಇರುವುದಿಲ್ಲ. ಹಸಿವಿಲ್ಲದಿರುವುದು, ಸುಮ್ಮನೆ ಅಳುವುದು ಕಂಡರೆ ಡಾಕ್ಟರರಿಗೆ ತಿಳಿಸಬೇಕು, ಅದಕ್ಕೂ ಮದ್ದಿದೆ. ನಮ್ಮ ಅಭಿಪ್ರಾಯದಲ್ಲಿ ಉಪ್ಪನ್ನು ಒಬ್ಬರಿಗೆ ಕಡಿಮೆ ಮಾಡುವುದಕ್ಕಿಂತ ಮನೆಗೆಲ್ಲ ಕಡಿಮೆ ಮಾಡುವುದು ಲೇಸು. ಬಿ.ಪಿ. ಮನೆತನದಲ್ಲಿ ಬರುವ ಕಾಯಿಲೆಯಾದ್ದರಿಂದ ಮಕ್ಕಳಿಗೂ ಅದು ಒಳ್ಳೆಯದೇ. ಒಂದೇ ಪದಾರ್ಥ ಮಾಡಿ, ಅದರಿಂದಲೇ ಅವರ ಪಾಲನ್ನು ತೆಗೆದು ಅರೆದು, ಎಲ್ಲರ ಜೊತೆ ಮೇಜಿಗೆ ಕೊಡಿ.

ಮೇಜಿನಲ್ಲಿ ಸಣ್ಣಪುಟ್ಟ ಅನುಕೂಲಗಳು ಬೇಕು. ಬಟ್ಟಲು ಜಾರದಂತೆ ಅಡಿಗೆ ಒದ್ದೆ ಬಟ್ಟೆ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಸೋತ ಕೈಗೂ ಹಿಡಿತ ಸಿಗುತ್ತದೆ. ಕೆಲವರು ಬಟ್ಟಲಿನ ಅರ್ಧ ಭಾಗವನ್ನಷ್ಟೇ ಉಂಡು ಸಾಕೆನ್ನುತ್ತಾರೆ. ಹೊಟ್ಟೆ ತುಂಬಿರುವುದಿಲ್ಲ, ಆ ಬದಿ ಅವರಿಗೆ ಕಾಣುತ್ತಿರುವುದಿಲ್ಲ. ಬಟ್ಟಲನ್ನು ಮೆಲ್ಲನೆ ತಿರುಗಿಸಿ ನೋಡಿ. ಉಣ್ಣುವಾಗ ಮಾತಾಡಿಸಬೇಡಿ, ಟಿ.ವಿ. ಆರಿಸಿ. ಮಾತು ಊಟದ ಮೊದಲು ಇಲ್ಲವೇ ನಂತರ ಇರಲಿ.

ಪರಮಪ್ರಸಾದ ಕೊಡಲು ಗುರುಗಳು ಮನೆಗೆ ಬರುವಾಗ ನುಂಗುವ ಕಷ್ಟವನ್ನು ಮೊದಲೇ ತಿಳಿಸಿ. ರೊಟ್ಟಿಯ ಚಿಕ್ಕ ಚೂರು ಸಾಕು; ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು ಸಭೆಯ ಕಾನೂನಿನಲ್ಲಿ ಅವಕಾಶವಿದೆ. ಒಂದು ಗಂಟೆಯ ಉಪವಾಸದ ನಿಯಮ ಕಾಯಿಲೆಯವರಿಗೂ ಅವರ ಆರೈಕೆ ಮಾಡುವವರಿಗೂ ಇಲ್ಲ. ತಪಸ್ಸು ಕಾಲದಲ್ಲಿ ಇವರು ಉಪವಾಸ ಮಾಡಬೇಕಾಗಿಯೂ ಇಲ್ಲ. ಕೇಳದೆಯೇ ಉಪವಾಸ ಹಿಡಿಯುವ ಹಿರಿಯರಿದ್ದಾರೆ, ಗುರುಗಳಿಂದಲೇ ಹೇಳಿಸಿ. ಕೇರಳದಲ್ಲಿ 2008ರ ಪಾಲಿಯೇಟಿವ್ ನೀತಿಯ ನಂತರ ಪಂಚಾಯತು ಮೂಲಕ ನರ್ಸ್ ಮನೆಗೆ ಬರುವ ವ್ಯವಸ್ಥೆ ಬೆಳೆದಿದೆ. ಹಾಸಿಗೆ ಹಿಡಿದವರಿದ್ದರೆ ವಾರ್ಡ್ ಸದಸ್ಯರನ್ನು ಇಲ್ಲವೇ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಸೆಪ್ಟೆಂಬರ್ 8ರ ತೆನೆ ಹಬ್ಬದ ಊಟದಲ್ಲಿ ಹೇಗೂ ಮೀನಿಲ್ಲ, ತರಕಾರಿಯೇ. ಹೊಸ ಅಕ್ಕಿಯನ್ನು ಪುಡಿ ಮಾಡಿ ಹಾಲಿನಲ್ಲಿ ಬೆರೆಸಿ ಹಿರಿಯರು ಹಂಚುವುದು ನಮ್ಮ ವಾಡಿಕೆ. ಅದನ್ನು ಸ್ವಲ್ಪ ದಪ್ಪಗೆ ಕಲಸಿಟ್ಟರೆ ಅವರಿಗೂ ನುಂಗಬಹುದು. ಬಲಗೈ ಏಳದಿದ್ದರೆ ಎಡಗೈಯಲ್ಲೇ ಅವರು ಹಂಚಲಿ.