ಕೈಪಿಡಿ ಇಲ್ಲದ ಕೋಟೆ

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗ. ಅದರಲ್ಲೊಂದು ಬೆಟ್ಟ. ನೆತ್ತಿಯ ಮೇಲೆ ಬೂದು ಬಣ್ಣದ ಕೋಟೆ. ಕೆಳಗೆ ಹುಲ್ಲಿನ ಮಾಡಿನ ನಾಲ್ಕಾರು ಮನೆ, ಕಮ್ಮಾರನ ಕುಲುಮೆ, ಹೊಳೆಯ ನೀರಿಗೆ ತಿರುಗುವ ಹಿಟ್ಟಿನ ಗಿರಣಿ. ಬೆಟ್ಟದ ಹಿಂಬದಿಯ ಗುಹೆಯಲ್ಲಿ ಬಾಲ ಸುತ್ತಿಕೊಂಡು ಮಲಗಿರುವ ಡ್ರ್ಯಾಗನ್. ಮಧ್ಯಯುಗದ ಯುರೋಪಿನ ಊರಿನಂತೆ ಕಾಣುವ, ಆದರೆ ಯಾವ ನಕಾಶೆಯಲ್ಲೂ ಇಲ್ಲದ ಊರು. ಇಷ್ಟನ್ನೂ ಕಟ್ಟಿರುವುದು ಮಕ್ಕಳು ಆಡುವ ಲೆಗೊ ಇಟ್ಟಿಗೆಗಳಿಂದ. ಅಂಟು ಹಾಕಿಲ್ಲ, ಮೊಳೆ ಹೊಡೆದಿಲ್ಲ, ಬಣ್ಣ ಬಳಿದಿಲ್ಲ.

ಇಂಥದ್ದನ್ನು ತಿಂಗಳುಗಟ್ಟಲೆ ಕೂತು ಕಟ್ಟುವವರು ದೊಡ್ಡವರು! ಬಿ.ಇ. ಓದುವವನು ಆಟಿಕೆ ವಿಷಯ ಬರೆಯುತ್ತಿದ್ದಾನಲ್ಲ ಎಂದು ನಗಬೇಡಿ. ನಾಲ್ಕು ವರ್ಷದ ಓದಿನಲ್ಲಿ ನಮ್ಮಲ್ಲಿ ಬಹಳ ಮಂದಿಗೆ ಸಿಗದೇ ಹೋಗುವ ಒಂದು ಪಾಠ ಈ ಕೋಟೆಯೊಳಗಿದೆ.

ಪೆಟ್ಟಿಗೆಯ ಆಟ, ಪೆಟ್ಟಿಗೆಯಾಚೆಯ ಆಟ

ಅಂಗಡಿಯಲ್ಲಿ ಸಿಗುವ ಲೆಗೊ ಪೆಟ್ಟಿಗೆಯೊಳಗೆ ತುಂಡುಗಳ ಜೊತೆ ಒಂದು ಕೈಪಿಡಿ ಇರುತ್ತದೆ. ಒಂದನೇ ಹೆಜ್ಜೆ, ಎರಡನೇ ಹೆಜ್ಜೆ ಎಂದು ಚಿತ್ರ ನೋಡಿಕೊಂಡು ಜೋಡಿಸುತ್ತಾ ಹೋದರೆ ಸಾಕು. ಕಂಪನಿಗೆ 90 ವರ್ಷ ತುಂಬಿದ 2022ರಲ್ಲಿ ಬಂದ ‘ಲಯನ್ ನೈಟ್ಸ್ ಕ್ಯಾಸಲ್’ ಕೋಟೆಯಲ್ಲಿ 4,514 ತುಂಡುಗಳಿವೆ. ತಾಳ್ಮೆ ಇದ್ದವರು ಯಾರು ಬೇಕಾದರೂ ಅದನ್ನು ಕಟ್ಟಿ ಮುಗಿಸಬಹುದು.

ಇನ್ನೊಂದು ಬಗೆಯ ಕಟ್ಟುವಿಕೆಯೂ ಇದೆ. ಅದಕ್ಕೆ ಕೈಪಿಡಿಯೇ ಇಲ್ಲ. ‘ಮೈ ಓನ್ ಕ್ರಿಯೇಷನ್’ ಎನ್ನುವುದನ್ನು ಚುಟುಕಾಗಿಸಿ ಅಭಿಮಾನಿಗಳು ಇದನ್ನು ‘ಮಾಕ್’ ಎನ್ನುತ್ತಾರೆ. ಟೋಲ್ಕಿನ್ ಕಥೆಗಳಲ್ಲಿ ಬರುವ ರಿವೆಂಡೆಲ್ ಕಣಿವೆಯನ್ನು ಅಮೆರಿಕದ ಆಲಿಸ್ ಫಿಂಚ್ ಮತ್ತು ಡೇವಿಡ್ ಫ್ರಾಂಕ್ 2013ರಲ್ಲಿ ಹೀಗೆ ಕಟ್ಟಿ ತೋರಿಸಿದರು. ಬಳಸಿದ್ದು ಸುಮಾರು 2 ಲಕ್ಷ ಇಟ್ಟಿಗೆ! ಅದೇ ಕಣಿವೆಯನ್ನು ಕಂಪನಿ ಪೆಟ್ಟಿಗೆಯಲ್ಲಿಟ್ಟು ಮಾರಾಟಕ್ಕೆ ತಂದದ್ದು ಹತ್ತು ವರ್ಷದ ನಂತರ, 2023ರಲ್ಲಿ. ಅದರಲ್ಲಿದ್ದದ್ದು 6,167 ತುಂಡು.

ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಮೂಲೆಯಲ್ಲೊಂದು ಬೆಟ್ಟ, ಕೆರೆ, ಊರು ಮಾಡುವುದನ್ನು ನೋಡಿದವರಿಗೆ ಈ ಹುಚ್ಚು ತಕ್ಷಣ ಅರ್ಥವಾಗುತ್ತದೆ. ಅಲ್ಲಿ ಮಣ್ಣನ್ನು ಬೇಕಾದ ಹಾಗೆ ತಿದ್ದಬಹುದು. ಇಲ್ಲಿ ಅದು ಸಾಧ್ಯವಿಲ್ಲ. ಇಟ್ಟಿಗೆ ನಿಮ್ಮ ಮಾತು ಕೇಳುವುದಿಲ್ಲ, ನೀವೇ ಅದರ ಮಾತು ಕೇಳಬೇಕು.

ಎಂಟು ಮಿಲಿಮೀಟರ್‌ನ ಕಾನೂನು

ಆ ಮಾತು ಶುರುವಾಗಿದ್ದು ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ. ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡಲು ಕೂತರು. ‘ಚೆನ್ನಾಗಿ ಆಡು’ ಎಂಬರ್ಥದ ಡ್ಯಾನಿಶ್ ಮಾತುಗಳಿಂದ ಲೆಗೊ ಎಂಬ ಹೆಸರು ಬಂತು. ಕೆಳಗೆ ಟೊಳ್ಳು ಕೊಳವೆ, ಮೇಲೆ ದುಂಡನೆಯ ಉಬ್ಬು ಇರುವ ಇಂದಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆ ವರ್ಷದ ಇಟ್ಟಿಗೆ ಇವತ್ತಿನ ಇಟ್ಟಿಗೆಯ ಮೇಲೆ ಈಗಲೂ ಸರಿಯಾಗಿ ಕೂರುತ್ತದೆ.

ಅದಕ್ಕೆ ಕಾರಣ ಬದಲಾಗದ ಅಳತೆ. ಇಟ್ಟಿಗೆಯ ತಲೆಯ ಮೇಲಿನ ಉಬ್ಬಿಗೆ ಸ್ಟಡ್ ಎಂದು ಹೆಸರು. ಒಂದು ಸ್ಟಡ್‌ನ ನಡುವಿನಿಂದ ಪಕ್ಕದ ಸ್ಟಡ್‌ನ ನಡುವಿಗೆ 8 ಮಿ.ಮೀ. ಇಟ್ಟಿಗೆಯ ಎತ್ತರ 9.6 ಮಿ.ಮೀ. ಪ್ಲೇಟ್ ಎನ್ನುವ ತೆಳು ತುಂಡಿನ ಎತ್ತರ 3.2 ಮಿ.ಮೀ., ಅಂದರೆ ಮೂರು ಪ್ಲೇಟ್ ಸೇರಿದರೆ ಒಂದು ಇಟ್ಟಿಗೆ. ಇಡೀ ಲೋಕ ನಿಂತಿರುವುದು ಈ ಮೂರು ಸಂಖ್ಯೆಗಳ ಮೇಲೆ.

ಇಷ್ಟು ಬಿಗಿಯಾದ ಕಾನೂನಿನೊಳಗೆ ಕಲ್ಪನೆಗೆ ಜಾಗ ಎಲ್ಲಿ ಎನ್ನಬಹುದು. ಎಂಟು ಸ್ಟಡ್ ಇರುವ ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ರೀತಿಯಲ್ಲಿ ಜೋಡಿಸಬಹುದು. ಮೂರಾದರೆ 1,060 ರೀತಿ. ಆರು ಇಟ್ಟಿಗೆಯಾದರೆ 91,51,03,765 ರೀತಿ! ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಕಂಪ್ಯೂಟರ್ ನೆರವಿನಿಂದ ಮಾಡಿದ ಲೆಕ್ಕ ಇದು.

ತುಂಡುಗಳ ಬಗೆ ಹೆಚ್ಚಿದಷ್ಟೂ ಒಳ್ಳೆಯದು ಎಂದೇನಿಲ್ಲ ಎನ್ನುವುದನ್ನು ಕಂಪನಿಯೇ ಕಷ್ಟಪಟ್ಟು ಕಲಿಯಿತು. 2003–04ರಲ್ಲಿ ಅದು ಭಾರಿ ನಷ್ಟದಲ್ಲಿದ್ದಾಗ ಬಗೆಬಗೆಯ ತುಂಡುಗಳ ಸಂಖ್ಯೆ 12,000 ದಾಟಿತ್ತು. 2004ರಲ್ಲಿ, 35ನೇ ವಯಸ್ಸಿಗೇ ಸಿಇಒ ಆದ ಯೋರ್ಗನ್ ವಿಗ್ ನುಡ್‌ಸ್ಟಾರ್ಪ್ ಕಾಲದಲ್ಲಿ ಅದನ್ನು ಗಣನೀಯವಾಗಿ ಇಳಿಸಲಾಯಿತು.

ಬೆಟ್ಟ ಯಾಕೆ ಟೊಳ್ಳು?

ಈಗ ನಮ್ಮ ಕಣಿವೆಗೆ ಬರೋಣ. ಲೆಗೊ ಗೊಂಬೆ ಮನುಷ್ಯನ ಎತ್ತರ ಸುಮಾರು 4 ಸೆಂ.ಮೀ. ಅವನನ್ನು 1.7 ಮೀಟರ್ ಎತ್ತರದವನು ಎಂದುಕೊಂಡರೆ ಎಲ್ಲವೂ ಸುಮಾರು 42 ಪಟ್ಟು ಕುಗ್ಗಬೇಕು. 10 ಮೀಟರ್ ಎತ್ತರದ ಕೋಟೆ ಗೋಡೆಗೆ 25 ಇಟ್ಟಿಗೆ ಸಾಲು ಸಾಕು. ಆದರೆ 100 ಮೀಟರ್‌ನ ಸಣ್ಣ ಗುಡ್ಡವೂ ಇಲ್ಲಿ ಎರಡು ಮೀಟರ್ ದಾಟುತ್ತದೆ. ಅದು ಮೇಜಿನ ಮೇಲಲ್ಲ, ಮನೆಯೊಳಗೇ ಹಿಡಿಸುವುದು ಕಷ್ಟ.

ಹಾಗಾಗಿ ಕಟ್ಟುವವರು ಬಾಗಿಲು, ಮೆಟ್ಟಿಲು, ಕಿಟಕಿಗಳನ್ನು ಗೊಂಬೆಯ ಅಳತೆಗೆ ನಿಖರವಾಗಿ ಮಾಡುತ್ತಾರೆ. ಬೆಟ್ಟವನ್ನು, ಮರವನ್ನು ಕುಗ್ಗಿಸುತ್ತಾರೆ. ಕಣ್ಣು ಬಾಗಿಲನ್ನು ನಂಬಿದರೆ ಬೆಟ್ಟವನ್ನೂ ನಂಬುತ್ತದೆ. ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಡಲೇಬಾರದು ಎಂಬ ಈ ತೀರ್ಮಾನ ಪ್ರತಿ ವಿನ್ಯಾಸಕಾರನ ಮುಂದೆ ಬರುವಂಥದ್ದು.

ಇನ್ನು ತುಂಡುಗಳ ಲೆಕ್ಕ. ಒಂದು ಚದರ ಮೀಟರ್ ಎಂದರೆ 125ಕ್ಕೆ 125, ಒಟ್ಟು 15,625 ಸ್ಟಡ್. ಅದು ಒಂದು ಪದರಕ್ಕೆ ಮಾತ್ರ. ಬೆಟ್ಟವನ್ನು ಗಟ್ಟಿಯಾಗಿ ತುಂಬುತ್ತಾ ಹೋದರೆ ಜೇಬೂ ಉಳಿಯುವುದಿಲ್ಲ, ಮೇಜೂ ಉಳಿಯುವುದಿಲ್ಲ. ಅದಕ್ಕೇ ಬೆಟ್ಟದೊಳಗೆ ಕಂಬ, ತೊಲೆಗಳ ಚೌಕಟ್ಟು ಮಾತ್ರ. ಹೊರಗೆ ಕಾಣದ ಆ ಭಾಗಕ್ಕೆ ಕೆಂಪು, ನೀಲಿ, ಹಳದಿ ಎಂದು ಕೈಗೆ ಸಿಕ್ಕ ಬಣ್ಣದ ಇಟ್ಟಿಗೆಯೇ ನಡೆಯುತ್ತದೆ. ಹೊರಗಿನ ಬೂದು ಬಂಡೆ ಬರೀ ಒಂದು ಪದರ. ಕಂಬ ತಡೆಯುತ್ತದೆಯೇ ಎಂಬ ಅನುಮಾನ ಬೇಡ. 2012ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ ನಾಲ್ಕು ಸ್ಟಡ್‌ನ ಇಟ್ಟಿಗೆಯನ್ನು ಯಂತ್ರದಲ್ಲಿಟ್ಟು ಒತ್ತಿದಾಗ ಅದು ಸರಾಸರಿ 4,240 ನ್ಯೂಟನ್, ಅಂದರೆ ಸುಮಾರು 432 ಕೆ.ಜಿ. ಭಾರ ತಡೆದುಕೊಂಡಿತ್ತು. ‘ಸ್ಟ್ರೆಂತ್ ಆಫ್ ಮೆಟೀರಿಯಲ್ಸ್’ ಪರೀಕ್ಷೆಗೆ ಬಾಯಿಪಾಠ ಮಾಡುವ ಪದಗಳು ಇಲ್ಲಿ ಬೆರಳಿಗೇ ತಾಗುತ್ತವೆ.

ಕಾನೂನಿನೊಳಗೇ ದಾರಿ

ಚೌಕಾಕಾರದ ಇಟ್ಟಿಗೆಯಿಂದ ದುಂಡನೆಯ ಬುರುಜು ಕಟ್ಟುವುದು ಹೇಗೆ? ಎರಡು ಸ್ಟಡ್‌ನ ಇಟ್ಟಿಗೆ, ಅದರ ಪಕ್ಕ ಒಂದು ಸ್ಟಡ್‌ನ ದುಂಡು ಇಟ್ಟಿಗೆ, ಮತ್ತೆ ಎರಡು ಸ್ಟಡ್‌ನದು ಎಂದು ಸಾಲು ಕಟ್ಟುತ್ತಾ ಹೋದರೆ ಗೋಡೆ ಸರಪಳಿಯಂತೆ ಬಾಗುತ್ತದೆ. ಒಂದೊಂದು ಕೀಲಿನಲ್ಲಿ ಸಿಗುವ ಬಾಗು ಚೂರೇ ಚೂರು. ಸಾಕಷ್ಟು ಕೀಲು ಸೇರಿದಾಗ ಸುತ್ತು ಪೂರ್ತಿಯಾಗುತ್ತದೆ.

ಗೋಡೆಯನ್ನು ಓರೆಯಾಗಿ ಕೂರಿಸಬೇಕೇ? ಅಲ್ಲಿಗೆ ಹೈಸ್ಕೂಲಿನ ಪೈಥಾಗೊರಸ್ ಬರುತ್ತಾನೆ. ಮೂಲೆಯಿಂದ ಒಂದು ಬದಿಗೆ 3 ಸ್ಟಡ್, ಇನ್ನೊಂದು ಬದಿಗೆ 4 ಸ್ಟಡ್ ದೂರ ಎಣಿಸಿದರೆ ಆ ಎರಡು ಬಿಂದುಗಳ ನಡುವೆ ಸರಿಯಾಗಿ 5 ಸ್ಟಡ್ ದೂರ. ಓರೆ ಗೋಡೆಯ ಎರಡೂ ತುದಿ ಆ ಸ್ಟಡ್‌ಗಳ ಮೇಲೆ ಬಿಗಿಯಾಗಿ ಕೂರುತ್ತವೆ. 5-12-13 ಕೂಡ ಹಾಗೆಯೇ. ಬೇರೆ ಕೋನಗಳಲ್ಲಿ ಹೀಗೆ ಕೂರುವುದು ಅಪರೂಪ.

ಬಂಡೆಯ ಮೈ ಒರಟಾಗಿ ಕಾಣಬೇಕೆಂದರೆ ಇಟ್ಟಿಗೆಗಳನ್ನು ಪಕ್ಕಕ್ಕೆ ಮಲಗಿಸಿ ಕೂರಿಸಬೇಕು. ಅದಕ್ಕೂ ಒಂದು ಲೆಕ್ಕವಿದೆ. ಐದು ಪ್ಲೇಟ್‌ಗಳ ಎತ್ತರ 16 ಮಿ.ಮೀ., ಎರಡು ಸ್ಟಡ್‌ಗಳ ಅಗಲವೂ 16 ಮಿ.ಮೀ. ಈ ಒಂದು ಸಮೀಕರಣ ಗೊತ್ತಿದ್ದರೆ ಮಲಗಿದ ತುಂಡು ನಿಂತ ಗೋಡೆಯೊಳಗೆ ಸಂದು ಕಾಣದಂತೆ ಸೇರುತ್ತದೆ. ಸುಲಭವಾಗಿ ಕಂಡುಬರುವ ಬಂಡೆಯ ಹಿಂದೆ ಇರುವುದು ಈ ಲೆಕ್ಕವೇ.

‘ಈ ಹೊಳೆ ಎಲ್ಲಿಂದ ಬರುತ್ತೆ?’

ತಂತ್ರ ಕಲಿತರೆ ಕೋಟೆ ನಿಲ್ಲುತ್ತದೆ. ಆದರೆ ನೋಡುಗರು ಅದನ್ನು ನಂಬಬೇಕಾದರೆ ಇನ್ನೂ ಒಂದು ಬೇಕು. ಪ್ರತಿಯೊಂದಕ್ಕೂ ಕಾರಣ. ಗಿರಣಿ ಹೊಳೆಯ ಪಕ್ಕದಲ್ಲೇ ಇರಬೇಕು. ಬೆಂಕಿ ಉರಿಯುವ ಕುಲುಮೆ ಹುಲ್ಲಿನ ಮಾಡುಗಳಿಂದ ದೂರವಿರಬೇಕು. ಗಾಡಿ ಹತ್ತುವ ದಾರಿ ಬೆಟ್ಟವನ್ನು ಬಳಸಿಕೊಂಡೇ ಹೋಗಬೇಕು. ಗೋಡೆಯ ಬುಡದಲ್ಲಿ ಪಾಚಿಯ ಹಸಿರು, ಜನ ಓಡಾಡುವ ಕಡೆ ಹುಲ್ಲು ಸವೆದ ಕಂದು. ಬೂದು ಗೋಡೆಯಲ್ಲೂ ಎರಡು ಮೂರು ಬೂದು ಬಣ್ಣ ಬೆರೆಸುತ್ತಾರೆ. 1978ರಲ್ಲಿ ಲೆಗೊ ಕೋಟೆ ಬಂದಾಗ ಅದರ ಗೋಡೆ ಹಳದಿಯಾಗಿತ್ತು ಎಂದರೆ ಈಗಿನವರು ನಂಬುವುದಿಲ್ಲ!

ಡ್ರ್ಯಾಗನ್ ಇರುವ ಊರಿಗೆ ಇಷ್ಟೆಲ್ಲ ಕಾರಣ ಯಾಕೆ? ಡ್ರ್ಯಾಗನ್ ಇರುವುದರಿಂದಲೇ. ಉಳಿದದ್ದೆಲ್ಲ ನಿಜ ಅನ್ನಿಸಿದರೆ ಮಾತ್ರ ಆ ಒಂದು ಸುಳ್ಳು ಸಲ್ಲುತ್ತದೆ.

ಇದನ್ನು ಮಾಡಲು ಲಕ್ಷ ಇಟ್ಟಿಗೆ ಕೊಳ್ಳಬೇಕಾಗಿಲ್ಲ. ನಮ್ಮಂಥವರಿಗೆ ಅದು ಆಗುವ ಮಾತೂ ಅಲ್ಲ. ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ 1995ರಲ್ಲೇ ಕಂಪ್ಯೂಟರಿನಲ್ಲಿ ಇಟ್ಟಿಗೆ ಜೋಡಿಸುವ ‘ಎಲ್‌ಡ್ರಾ’ ರೂಪಿಸಿದರು. ಈಗ ‘ಸ್ಟುಡಿಯೊ’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಎರಡು ತುಂಡು ಒಂದರೊಳಗೊಂದು ನುಗ್ಗಿದರೆ ಅದು ಎಚ್ಚರಿಸುತ್ತದೆ. ಯಾವ ಭಾಗ ಸಡಿಲವಾಗಿದೆ ಎಂದು ತೋರಿಸುತ್ತದೆ. ಬೇಕಾದ ತುಂಡುಗಳ ಪಟ್ಟಿಯನ್ನೂ ಕೊಡುತ್ತದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಬೆಳೆಯುತ್ತಿರುವ ಕಣಿವೆಯಲ್ಲಿ ಕೈಗೆ ಸಿಗುವ ಇಟ್ಟಿಗೆ ಒಂದೂ ಇಲ್ಲ. ಹಾಸ್ಟೆಲಿನ ರೂಮ್‌ಮೇಟ್ ಸಿವಿಲ್ ಓದುವವನು. ಒಂದು ರಾತ್ರಿ ಹಿಂದೆ ನಿಂತು, ‘ಏನ್ ಮಗಾ, ಇನ್ನೂ ಗೊಂಬೆ ಆಟನಾ?’ ಎಂದ. ಎರಡು ನಿಮಿಷ ನೋಡಿ, ‘ಈ ಹೊಳೆ ಎಲ್ಲಿಂದ ಬರುತ್ತೆ? ಮಳೆಗಾಲದಲ್ಲಿ ಈ ಮನೆಗಳು ಮುಳುಗಲ್ವಾ?’ ಎಂದು ಕೇಳಿದ. ‘ಅದಕ್ಕೇ ಎರಡು ಇಟ್ಟಿಗೆ ಎತ್ತರದ ಕಲ್ಲಿನ ಜಗಲಿ ಕೊಟ್ಟಿದ್ದೀನಿ ನೋಡು. ನಿಜವಾದ ಅಳತೆಯಲ್ಲಿ 80 ಸೆಂ.ಮೀ.’ ಎಂದೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ. ಅಂದಿನಿಂದ ನಗುವುದನ್ನು ಬಿಟ್ಟಿದ್ದಾನೆ, ಪ್ರಶ್ನೆ ಕೇಳುವುದನ್ನು ಬಿಟ್ಟಿಲ್ಲ.

ಒಬ್ಬರದ್ದಲ್ಲ, ಹತ್ತು ಜನರ ಊರು

ದೊಡ್ಡ ಪ್ರದರ್ಶನಗಳಿಗೆ ಅಭಿಮಾನಿಗಳು ಬೇರೆ ಬೇರೆ ಊರಿನಲ್ಲಿ ಕೂತು ಒಂದೇ ರಾಜ್ಯವನ್ನು ಕಟ್ಟುವುದುಂಟು. ಒಬ್ಬರು ಹೊಳೆ, ಒಬ್ಬರು ಕಾಡು, ಮತ್ತೊಬ್ಬರು ಸಂತೆ. ಮೊದಲೇ ಒಪ್ಪಿಕೊಳ್ಳುವುದು ಕೆಲವೇ ಸಂಗತಿ. ತಳದ ಚೌಕ 32ಕ್ಕೆ 32 ಸ್ಟಡ್ ಇರಬೇಕು, ಅಂಚಿನ ಎತ್ತರ ಇಷ್ಟಿರಬೇಕು, ಜೋಡಿಸುವ ಪಿನ್ ಇಂಥ ಕಡೆ ಬರಬೇಕು. ಉಳಿದದ್ದು ಅವರವರ ಇಷ್ಟ. ತಂದು ಜೋಡಿಸಿದರೆ ಒಬ್ಬರ ಹೊಳೆ ಇನ್ನೊಬ್ಬರ ಸೇತುವೆಯ ಕೆಳಗೆ ಹರಿಯುತ್ತದೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ‘ಇಂಟರ್‌ಫೇಸ್’ ಎನ್ನುವುದು ಇದನ್ನೇ ಅಲ್ಲವೇ?

ಇಂಥ ಹವ್ಯಾಸ ಕೆಲವರನ್ನು ದೂರ ಕರೆದೊಯ್ದಿದೆ. ‘ಲೆಗೊ ಐಡಿಯಾಸ್’ ಯೋಜನೆಯಲ್ಲಿ 10,000 ಜನರ ಬೆಂಬಲ ಪಡೆದ ವಿನ್ಯಾಸವನ್ನು ಕಂಪನಿ ಪರಿಶೀಲಿಸುತ್ತದೆ. ಆಯ್ಕೆಯಾಗಿ ಮಾರುಕಟ್ಟೆಗೆ ಬಂದರೆ ರೂಪಿಸಿದವರಿಗೆ ನಿವ್ವಳ ಮಾರಾಟದ ಶೇ 1ರಷ್ಟು ಪಾಲು. ಜರ್ಮನಿಯ ಕ್ಲೆಮೆನ್ಸ್ ಫೀಡ್ಲರ್ ಅವರ ಮಧ್ಯಯುಗದ ಕಮ್ಮಾರನ ಮನೆ ಹೀಗೆಯೇ 2021ರಲ್ಲಿ 2,164 ತುಂಡುಗಳ ಪೆಟ್ಟಿಗೆಯಾಗಿ ಬಂತು.

ಎಲ್ಲರಿಗೂ ಹಾಗಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಮಗೆ ಬೇಕಾದದ್ದು ಬೇರೆ. ಫೈನಲ್ ಇಯರ್ ಪ್ರಾಜೆಕ್ಟ್ ದುಡ್ಡು ಕೊಟ್ಟರೆ ರೆಡಿಮೇಡ್ ಸಿಗುತ್ತದೆ ಎನ್ನುವುದು ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಹೊಸ ಸುದ್ದಿಯಲ್ಲ. ರಿಪೋರ್ಟ್, ಪಿಪಿಟಿ ಎಲ್ಲ ಅದರ ಜೊತೆಗೇ ಬರುತ್ತದೆ. ಅದು ಕೈಪಿಡಿ ಇರುವ ಪೆಟ್ಟಿಗೆ, ಅದೂ ಬೇರೆಯವರು ಜೋಡಿಸಿ ಕೊಟ್ಟದ್ದು. ಇಂಟರ್‌ವ್ಯೂನಲ್ಲಿ ‘ಇದನ್ನೇ ಯಾಕೆ ಬಳಸಿದಿರಿ? ಬೇರೆಯದಕ್ಕೆ ಯಾಕೆ ಹೋಗಲಿಲ್ಲ?’ ಎಂದು ಕೇಳಿದಾಗ ಗಂಟಲು ಒಣಗುವುದು ಅದಕ್ಕೇ. ಕೆಲಸಕ್ಕೆ ಸೇರಿದ ಮೇಲೆ ಕೈಗೆ ಬರುವ ಸಮಸ್ಯೆಗಳಿಗೂ ಕೈಪಿಡಿ ಇರುವುದಿಲ್ಲ.

ಆಟಿಕೆಯೇ ಆಗಬೇಕೆಂದಿಲ್ಲ. ರೊಟ್ಟು, ಮಣ್ಣು, ಕೋಡ್, ಯಾವುದಾದರೂ ಸರಿ. ಲೆಗೊದಲ್ಲೇ ಆಗಲಿ ಎನ್ನುವವರು ಈ ರಜೆಯಲ್ಲಿ ಸ್ಟುಡಿಯೊ ಹಾಕಿಕೊಂಡು 16ಕ್ಕೆ 16 ಸ್ಟಡ್‌ನಷ್ಟು ನೆಲ ತೆಗೆದುಕೊಳ್ಳಿ. ಅಂಗೈಗಿಂತ ತುಸು ದೊಡ್ಡದು, ಅಷ್ಟೇ. ಒಂದು ಮನೆ, ಒಂದು ಮರ, ಒಂದು ತುಂಡು ಹೊಳೆ ಸಾಕು. ಕಟ್ಟಿ ಮುಗಿದ ಮೇಲೆ ಗೆಳೆಯರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಚೆನ್ನಾಗಿದೆ’ ಎನ್ನುವವರಿಗೆ ಥ್ಯಾಂಕ್ಸ್ ಹೇಳಿ ಕಳಿಸಿ. ‘ಇದು ಇಲ್ಲೇ ಯಾಕಿದೆ?’ ಎಂದು ಕೇಳುವವರಿಗೆ ಕುರ್ಚಿ ಕೊಟ್ಟು, ಒಂದು ಲೋಟ ಚಹಾ ಕೊಡಿಸಿ.