ಅಪಘಾತದ ಪರಿಹಾರಕ್ಕೆ ವಕೀಲರು ಬೇಕೆ?

ನಮ್ಮ ಕರಾವಳಿಯಿಂದ ಕೆಲಸ ಹುಡುಕಿಕೊಂಡು ಕಲಬುರಗಿ ಜಿಲ್ಲೆಯ ಕಡೆ ಹೋದ ಕುಟುಂಬಗಳು ಹಲವು. ಮಳಖೇಡ, ವಾಡಿ, ಶಹಾಬಾದ್, ಸೇಡಂ ಎಂಬ ಹೆಸರುಗಳು ಇಲ್ಲಿಯ ಎಷ್ಟೋ ಮನೆಗಳಿಗೆ ಹೊಸದಲ್ಲ. ಅಂಥ ಒಂದು ಮನೆಯ ತಂದೆ ನಮಗೆ ಪತ್ರ ಬರೆದಿದ್ದಾರೆ. ಅವರ ಮಗನಿಗೆ 28 ವರ್ಷ. ಮಳಖೇಡದ ಸಿಮೆಂಟು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಸೇಡಂ ರಸ್ತೆಯಲ್ಲಿ ಬೈಕಿನಲ್ಲಿ ಬರುತ್ತಿದ್ದಾಗ ಎದುರಿನಿಂದ ಬಂದ ಕಾರು ಗುದ್ದಿ ಮೊಣಕಾಲಿನ ಕೆಳಗೆ ಮೂಳೆ ಮುರಿದಿದೆ. ಕಲಬುರಗಿಯ ಆಸ್ಪತ್ರೆಯಲ್ಲಿ ರಾಡ್ ಹಾಕಿದ್ದಾರೆ. ಮೂರನೆಯ ದಿನವೇ ಪರಿಚಯವಿಲ್ಲದ ಒಬ್ಬರು ಹಾಸಿಗೆಯ ಬಳಿ ಬಂದು, "ಖರ್ಚೆಲ್ಲ ನಮ್ಮದು, ಬಂದದ್ದರಲ್ಲಿ ನೂರಕ್ಕೆ ಇಪ್ಪತ್ತೈದು ಕೊಡಿ" ಎಂದು ವಕಾಲತ್ತು ಕಾಗದಕ್ಕೆ ಸಹಿ ಕೇಳಿದರಂತೆ. ಆಮೇಲೆ ವಿಮಾ ಕಂಪನಿಯ ಕಡೆಯಿಂದ ಕರೆ ಬಂದು, ಎರಡೂವರೆ ಲಕ್ಷಕ್ಕೆ ಒಪ್ಪಿಕೊಂಡರೆ ಬೇಗ ಮುಗಿಯುತ್ತದೆ ಎಂದರಂತೆ. "ವಕೀಲರು ಬೇಕೋ ಬೇಡವೋ? ಯಾವುದಕ್ಕೆ ಸಹಿ ಹಾಕಲಿ? ಕೇಸನ್ನು ಮಂಗಳೂರಿನಲ್ಲೇ ಹಾಕಬಹುದೇ?" ಇವು ಆ ತಂದೆಯ ಪ್ರಶ್ನೆಗಳು.

ನಾವು ನ್ಯಾಯವಾದಿಗಳಲ್ಲ. ಆದರೆ ಅಪಘಾತವಾದ ಮನೆಯವರು ಮೊದಲು ವಿಚಾರಿಸುವುದು ಧರ್ಮಕೇಂದ್ರದ ಗುರುಗಳನ್ನೇ ಆದುದರಿಂದ ಈ ವಿಷಯವನ್ನು ಕೇಳಿ, ಓದಿ ತಿಳಿದುಕೊಳ್ಳುವುದು ನಮಗೂ ಅಗತ್ಯವಾಗಿದೆ.

ಮೊದಲಿಗೆ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದು ಕಾನೂನು ಹೇಳುವುದಿಲ್ಲ. ಪರಿಹಾರದ ಅರ್ಜಿ ಹೋಗುವುದು 1988ರ ಮೋಟಾರು ವಾಹನ ಕಾಯಿದೆಯ 166ನೇ ಕಲಮಿನ ಪ್ರಕಾರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಗಾಯಗೊಂಡವರೇ ಅರ್ಜಿ ಹಾಕಿ ತಾವೇ ಮಾತನಾಡಬಹುದು. ಸಿವಿಲ್ ದಾವೆಯಷ್ಟು ಕಟ್ಟುಪಾಡು ಅಲ್ಲಿಲ್ಲ. 2022ರ ಎಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಪೊಲೀಸರೇ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳುಹಿಸಬೇಕು. ಗಾಯಾಳುವಿನ ಹಕ್ಕುಗಳೇನು ಎಂಬ ಕಾಗದವನ್ನು 10 ದಿನದೊಳಗೆ ಮನೆಯವರ ಕೈಗೆ ಕೊಡಬೇಕು. ಕೊಡದಿದ್ದರೆ ಠಾಣೆಯಲ್ಲಿ ಕೇಳಿ ಪಡೆಯಿರಿ. ಹಾಗಾಗಿ ತರಚು ಗಾಯ, ನಾಲ್ಕು ಹೊಲಿಗೆ, ಒಂದು ವಾರದ ರಜೆ, ಕೆಲವು ಸಾವಿರದ ಬಿಲ್ಲು ಇಷ್ಟೇ ಆಗಿದ್ದರೆ ವಕೀಲರಿಗೆ ಕೊಡುವ ಹಣ ದಂಡವೆಂದೇ ನಮ್ಮ ಅಭಿಪ್ರಾಯ. ವಿಮಾ ಕಂಪನಿಯ ನಿಯೋಜಿತ ಅಧಿಕಾರಿಯೊಡನೆ ಮಾತಾಡಿ, ನ್ಯಾಯಮಂಡಳಿಯಲ್ಲಿ ದಾಖಲಿಸಿ ಮುಗಿಸಬಹುದು.

ಮೂಳೆ ಮುರಿದಾಗ ಲೆಕ್ಕವೇ ಬೇರೆಯಾಗುತ್ತದೆ. ಕಾನೂನಿನ ಕಣ್ಣಿನಲ್ಲಿ ಮೂಳೆ ಮುರಿತವು ತೀವ್ರ ಗಾಯ. ಅಂಥ ಗಾಯಕ್ಕೆ ಕಾಯಿದೆಯ 164ನೇ ಕಲಮಿನಂತೆ ಎರಡೂವರೆ ಲಕ್ಷ ರೂಪಾಯಿ, ಸಾವಿಗೆ ಐದು ಲಕ್ಷ ರೂಪಾಯಿ. ಇದಕ್ಕೆ ಯಾರ ತಪ್ಪು ಎಂದು ರುಜುವಾತು ಮಾಡಬೇಕಾಗಿಲ್ಲ. ಆ ತಂದೆಗೆ ಬಂದ ಕರೆಯಲ್ಲಿ ಹೇಳಿದ ಎರಡೂವರೆ ಲಕ್ಷ ಬಹುಶಃ ಇದೇ. ಅದು ಮೋಸವಲ್ಲ. ಆದರೆ ಹೇಳದೆ ಬಿಟ್ಟ ಒಂದು ಮಾತಿದೆ. ಈ ಹಣವನ್ನು ಕ್ರಮಪ್ರಕಾರ ಒಪ್ಪಿಕೊಂಡರೆ 166ನೇ ಕಲಮಿನ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ಆರು ತಿಂಗಳ ಮೇಲೆ ಕಾಲು ಮಡಚಲು ಆಗುತ್ತಿಲ್ಲ, ಎರಡನೆಯ ಆಪರೇಷನ್ ಬೇಕು ಎಂದು ಗೊತ್ತಾದರೆ ಆಗ ಹೆಚ್ಚಿನದನ್ನು ಕೇಳುವ ದಾರಿ ಮುಚ್ಚಿರುತ್ತದೆ.

ಹಾಗಾದರೆ ಆ ಹುಡುಗನಿಗೆ ಎಷ್ಟು ಬರಬಹುದು? ಒಂದು ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 15,000 ರೂಪಾಯಿ ಸಂಬಳ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,80,000. ವಯಸ್ಸು 26ರಿಂದ 30ರೊಳಗೆ ಇರುವವರಿಗೆ ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ತೀರ್ಪಿನಲ್ಲಿ ಗೊತ್ತುಮಾಡಿದ ಗುಣಕ 17. ಗುಣಿಸಿದರೆ 30,60,000. ಇದರಲ್ಲಿ ಶಾಶ್ವತ ಅಂಗವೈಕಲ್ಯದಿಂದ ದುಡಿಮೆ ನೂರಕ್ಕೆ ಎಷ್ಟು ಕಡಿಮೆಯಾಯಿತೋ ಅಷ್ಟು ಪಾಲು ಕೊಡುತ್ತಾರೆ. ಜಗಳ ಇರುವುದು ಈ ಅಂಕಿಯ ಮೇಲೆಯೇ. ಕಾಲಿನಲ್ಲಿ 30 ಶೇಕಡಾ ಊನ ಎಂದು ಡಾಕ್ಟರು ಬರೆದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ 10 ಶೇಕಡಾ ಮಾತ್ರ ಎಂದು ವಿಮಾ ಕಂಪನಿಯ ವಕೀಲರು ವಾದಿಸುತ್ತಾರೆ. ನಮ್ಮ ರಾಜ್ಯದ ನ್ಯಾಯಮಂಡಳಿಗಳಲ್ಲಿ ಈ ರೂಢಿ ಸಾಮಾನ್ಯ. ಹತ್ತು ಎಂದರೆ 3,06,000. ಮೂವತ್ತು ಎಂದರೆ 9,18,000. ಆಸ್ಪತ್ರೆ ಖರ್ಚು, ಮಲಗಿದ್ದ ತಿಂಗಳುಗಳ ಸಂಬಳ, ನೋವಿನ ಪರಿಹಾರ, ಮುಂದಿನ ಚಿಕಿತ್ಸೆ ಇವೆಲ್ಲ ಅದರ ಮೇಲೆ.

ದೇಹದ ಊನ ಬೇರೆ, ದುಡಿಮೆಯ ನಷ್ಟ ಬೇರೆ ಎಂಬುದನ್ನು ಸುಪ್ರೀಂ ಕೋರ್ಟು 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಕೈ ಕಳೆದುಕೊಂಡ ಡ್ರೈವರನಿಗೂ ಬಡಗಿಗೂ ಹೊಟ್ಟೆಪಾಡೇ ಹೋದಂತೆ; ಅದೇ ಕೈ ಕಳೆದುಕೊಂಡ ಸರಕಾರಿ ಗುಮಾಸ್ತರಿಗೆ ಕೆಲಸ ಉಳಿಯಬಹುದು. ಕರ್ನಾಟಕದ ಒಬ್ಬ ತರಕಾರಿ ವ್ಯಾಪಾರಿ ಕಾಲು ಕಳೆದುಕೊಂಡಾಗ ಅದನ್ನು 85 ಶೇಕಡಾ ದುಡಿಮೆಯ ನಷ್ಟ ಎಂದು 2014ರಲ್ಲಿ ಅದೇ ಕೋರ್ಟು ತೀರ್ಮಾನಿಸಿತು. ಸಿಮೆಂಟು ಚೀಲ ಹೊರುವವರಿಗೆ, ಶಹಾಬಾದಿನ ಕಲ್ಲು ಗಣಿಯಲ್ಲಿ ನಿಂತೇ ದುಡಿಯುವವರಿಗೆ, ಚಿಂಚೋಳಿ ಕಡೆ ತೊಗರಿ ಹೊಲದಲ್ಲಿ ಕೂಲಿ ಮಾಡುವವರಿಗೆ ಕಾಲೇ ಬಂಡವಾಳ. ಆದರೆ ಇದನ್ನು ಯಾರಾದರೂ ಎದ್ದು ನಿಂತು ಹೇಳಬೇಕು, ಚಿಕಿತ್ಸೆ ಕೊಟ್ಟ ಡಾಕ್ಟರನ್ನು ಸಾಕ್ಷಿಗೆ ಕರೆಸಬೇಕು, ಎದುರು ಪಕ್ಷದ ಪಾಟೀಸವಾಲನ್ನು ಎದುರಿಸಬೇಕು. ಕುಂಟುತ್ತಾ ಬರುವ ಹುಡುಗನಿಂದ ಅದು ಆಗುವ ಕೆಲಸವಲ್ಲ. ಆದ್ದರಿಂದ ಆ ತಂದೆಗೆ ನಮ್ಮ ಉತ್ತರ: ವಕೀಲರು ಬೇಕು.

ಸಾವು ಸಂಭವಿಸಿದಾಗಲೂ ಬೇಕು. ತಪ್ಪು ನಿಮ್ಮ ಕಡೆಯದೇ ಎಂದು ಎಫ್.ಐ.ಆರ್.ನಲ್ಲಿ ಬರೆದಿದ್ದರೆ, ಕಾರಿಗೆ ವಿಮೆ ಇಲ್ಲದಿದ್ದರೆ, ಚಾಲಕನಿಗೆ ಲೈಸೆನ್ಸ್ ಇಲ್ಲವೆಂದು ಕಂಪನಿ ಕೈ ತೊಳೆದುಕೊಂಡರೆ ಖಂಡಿತ ಬೇಕು. ಆ ಸೀಮೆಯಲ್ಲಿ ಇನ್ನೊಂದು ತೊಡಕನ್ನೂ ಹೇಳಲೇಬೇಕು. ಕೂಲಿಯಾಳುಗಳು ಸರಕಿನ ಟೆಂಪೋದಲ್ಲಿ, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕುಳಿತು ಹೋಗುವುದು ದಿನನಿತ್ಯದ ನೋಟ. ಸರಕಿನ ವಾಹನದಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಅಂಥ ಪ್ರಕರಣ ಗೋಜಲಿನದು. ಸ್ವತಃ ವಾದಿಸಲು ಹೋಗಬೇಡಿ. ಇನ್ನು, ನಿಜವಾಗಿಯೂ ತಪ್ಪು ಮಗನದ್ದೇ ಆಗಿದ್ದರೆ, ಅಡ್ಡದಾರಿಯಲ್ಲಿ ಬಂದು ತಾನೇ ಕಾರಿಗೆ ಗುದ್ದಿದ್ದರೆ, ಎರಡೂವರೆ ಲಕ್ಷವನ್ನು ಒಪ್ಪಿಕೊಳ್ಳುವುದೇ ಬುದ್ಧಿವಂತಿಕೆಯಾಗಬಹುದು. ಇದನ್ನು ಮಗನಿಂದ ಏಕಾಂತದಲ್ಲಿ ಕೇಳಿ ತಿಳಿಯಿರಿ. ಕೋರ್ಟಿಗಾಗಿ ಕಥೆ ಕಟ್ಟಬೇಡಿ. ಗುದ್ದದ ವಾಹನವನ್ನು ತಂದು ನಿಲ್ಲಿಸುವ ಸುಳ್ಳು ಕೇಸುಗಳ ದೆಸೆಯಿಂದ ನಿಜವಾದ ಗಾಯಾಳುಗಳೂ ಅನುಮಾನಕ್ಕೆ ಗುರಿಯಾಗುತ್ತಿದ್ದಾರೆ.

ಈಗ ಹಾಸಿಗೆಯ ಬಳಿ ಬಂದವರ ವಿಷಯ. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ವಕೀಲರು ಕೇಸಿನ ಫಲಿತಾಂಶದ ಮೇಲೆ ಫೀಸು ಗೊತ್ತುಮಾಡುವಂತಿಲ್ಲ, ಬಂದ ಹಣದಲ್ಲಿ ಪಾಲು ಕೇಳುವಂತಿಲ್ಲ. ಗಿರಾಕಿಗಳನ್ನು ಹುಡುಕಿಕೊಂಡು ಬರುವುದಕ್ಕೂ ನಿಷೇಧವಿದೆ. ಆದರೂ ಪಾಲಿನ ಪದ್ಧತಿ ನಡೆಯುತ್ತಿದೆ. ಬಡವರ ಕೈಯಲ್ಲಿ ಮೊದಲೇ ಕೊಡಲು ಹಣವಿಲ್ಲ, ಹಾಗಾಗಿ ಅದರಿಂದಲೇ ಅವರ ಕೇಸು ನಡೆಯುತ್ತದೆ ಎಂದು ಹೇಳುವವರೂ ಇದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಒಂಬತ್ತು ಲಕ್ಷದಲ್ಲಿ ನೂರಕ್ಕೆ ಇಪ್ಪತ್ತೈದು ಎಂದರೆ ಎರಡೂಕಾಲು ಲಕ್ಷ! ಮುರಿದ ಕಾಲಿನ ಹಣದಲ್ಲಿ ಅಷ್ಟು ಹೋದರೆ ಉಳಿಯುವುದೇನು?

ವಕೀಲರನ್ನು ನೀವೇ ಹುಡುಕಿ. ಅಪಘಾತದ ಕೇಸುಗಳನ್ನೇ ನಡೆಸುವವರು ಯಾರೆಂದು ಇಬ್ಬರು ಮೂವರಲ್ಲಿ ವಿಚಾರಿಸಿ. ಫೀಸು ಎಷ್ಟು, ಯಾವಾಗ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ, ರಸೀದಿ ಪಡೆಯಿರಿ. ಖಾಲಿ ಕಾಗದಕ್ಕಾಗಲಿ, ಖಾಲಿ ಚೆಕ್ಕಿಗಾಗಲಿ ಸಹಿ ಹಾಕಬೇಡಿ. ಬ್ಯಾಂಕ್ ಪಾಸ್‌ಬುಕ್ ಯಾರ ಕೈಗೂ ಕೊಡಬೇಡಿ. ಪರಿಹಾರದ ಹಣವನ್ನು ನೇರವಾಗಿ ಗಾಯಾಳುವಿನ ಖಾತೆಗೇ ಜಮಾ ಮಾಡಬೇಕೆಂದು 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಫೀಸು ಕೊಡಲು ಆಗದವರಿಗೆ ಇನ್ನೊಂದು ಬಾಗಿಲಿದೆ, ಅದನ್ನು ತಟ್ಟುವವರು ಮಾತ್ರ ಕಡಿಮೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆಯ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ, ಸರಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿಯೊಳಗಿದ್ದರೆ ಸಿಗುತ್ತಾರೆ. ತಾಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಕರೆಮಾಡಿ. ಅವರೇ ನಡೆಸುವ ಲೋಕ ಅದಾಲತ್ತಿನಲ್ಲಿ ರಾಜಿ ಬೇಗ ಆಗುತ್ತದೆ, ನಿಜ. ಆದರೆ ಅಲ್ಲಿಯ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ನ್ಯಾಯಾಧೀಶರ ಎದುರು ಸಂಕೋಚಪಟ್ಟು ತಲೆಯಾಡಿಸಬೇಡಿ.

ವಕೀಲರು ಇರಲಿ, ಇಲ್ಲದಿರಲಿ, ಕೇಸಿನ ಬಲ ಮೊದಲ ಹದಿನೈದು ದಿನದ ಕಾಗದಗಳಲ್ಲಿದೆ. ಮಳಖೇಡ ಠಾಣೆಯ ಎಫ್.ಐ.ಆರ್. ಪ್ರತಿ, ಸ್ಥಳ ಮಹಜರು, ಕಾರಿನ ನಂಬರು ಮತ್ತು ವಿಮೆಯ ವಿವರ, ಗಾಯದ ಪ್ರಮಾಣಪತ್ರ, ಎಕ್ಸ್‌ರೇ, ಡಿಸ್ಚಾರ್ಜ್ ಸಾರಾಂಶ, ಔಷಧದಂಗಡಿಯ ಒಂದೊಂದು ಚೀಟಿ, ಊರಿಂದ ಹೋಗಿಬಂದ ಗಾಡಿ ಬಾಡಿಗೆಯ ರಸೀದಿ. ಸಂಬಳಕ್ಕೆ ಗುತ್ತಿಗೆದಾರರ ಚೀಟಿ ಇಲ್ಲದಿದ್ದರೆ ಪಿ.ಎಫ್. ನಂಬರು, ಕಾರ್ಖಾನೆಯ ಗೇಟ್ ಪಾಸ್, ಬ್ಯಾಂಕಿಗೆ ಹಣ ಬಿದ್ದ ದಾಖಲೆ. ಇದಾವುದೂ ಇಲ್ಲದಿದ್ದರೆ ನ್ಯಾಯಮಂಡಳಿಯೇ ಒಂದು ಆದಾಯವನ್ನು ಊಹಿಸುತ್ತದೆ. ಅದು ನಿಜವಾಗಿ ದುಡಿದುದಕ್ಕಿಂತ ಕಡಿಮೆ ಇರುವ ಸಾಧ್ಯತೆಯೇ ಹೆಚ್ಚು. ಅಂಗವೈಕಲ್ಯದ ಪ್ರಮಾಣಪತ್ರವನ್ನು ಚಿಕಿತ್ಸೆ ಕೊಟ್ಟ ಡಾಕ್ಟರಿಂದಲೇ ಪಡೆಯಿರಿ. ಎಲ್ಲಿಂದಲೋ ಬರೆಸಿ ತಂದ ಚೀಟಿಗೆ ಕೋರ್ಟಿನಲ್ಲಿ ಬೆಲೆ ಸಿಗುವುದು ಕಷ್ಟ.

ಗಡುವಿನ ಮಾತು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ನಿಯಮ 2022ರ ಎಪ್ರಿಲಿನಿಂದ ಬಂದಿದೆ. ಇದನ್ನು ಪ್ರಶ್ನಿಸಿದ ಪ್ರಕರಣದಲ್ಲಿ, ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ತಳ್ಳಿಹಾಕಬಾರದೆಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ. ಮಧ್ಯಂತರ ಆದೇಶವನ್ನು ನಂಬಿ ಕೂರಬೇಡಿ, ಆರು ತಿಂಗಳೆಂದೇ ತಿಳಿದು ನಡೆಯಿರಿ.

ಕೊನೆಯ ಪ್ರಶ್ನೆಗೆ ಉತ್ತರ, ಹೌದು. ಅಪಘಾತ ನಡೆದ ಕಡೆ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ಮಾಡುವ ಕಡೆ, ಎದುರು ಪಕ್ಷದವರು ವಾಸಿಸುವ ಕಡೆ, ಇವುಗಳಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಮಗ ಊರಿಗೆ ಬಂದು ಮನೆಯಲ್ಲೇ ನೆಲೆಸಿ ಸುಧಾರಿಸಿಕೊಳ್ಳುವುದಾದರೆ ಮಂಗಳೂರು ಅನುಕೂಲ. ಪ್ರತಿ ತಾರೀಕಿಗೂ ರಾತ್ರಿ ಬಸ್ಸು ಹತ್ತುವ ಕಷ್ಟ ತಪ್ಪುತ್ತದೆ. ಆದರೆ ರಾಡ್ ಹಾಕಿದ ಡಾಕ್ಟರು, ಕಣ್ಣಾರೆ ಕಂಡ ಸಾಕ್ಷಿಗಳು, ತನಿಖೆ ಮಾಡಿದ ಪೊಲೀಸರು ಎಲ್ಲರೂ ಇರುವುದು ಅಲ್ಲಿ. ತಪ್ಪು ಯಾರದೆಂಬ ಬಗ್ಗೆ ತಕರಾರು ಏಳುವ ಸೂಚನೆಯಿದ್ದರೆ ಅಲ್ಲಿಯೇ ಹಾಕುವುದು ಒಳ್ಳೆಯದು. ಕಾರಿನವನ ಮೇಲೆ ದೋಷಾರೋಪಣಾ ಪಟ್ಟಿ ಸಲ್ಲಿಕೆಯಾಗಿ, ಉಳಿದಿರುವುದು ಕಾಲಿನ ಲೆಕ್ಕ ಮಾತ್ರ ಎಂದಾದರೆ ಮಂಗಳೂರಿನಲ್ಲಿ ಹಾಕಬಹುದು. ಮಗನನ್ನು ಊರಿಗೆ ಕರೆತರುವ ಮೊದಲು ಆಸ್ಪತ್ರೆಯ ಪೂರ್ತಿ ಕಡತದ ದೃಢೀಕೃತ ಪ್ರತಿಯನ್ನು ತೆಗೆದುಕೊಂಡು ಬನ್ನಿ.